ಏಳನೇ ಪ್ರಶ್ನೆ

ಚಿಂತಾಮಣಿ
16 ಜೂನ್ 2024

ಶೈಲಜಾ,

ಎಂಟು ವರ್ಷದ ಮೇಲೆ ನನ್ನ ಕೈಬರಹ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ, ಕೂತು ಓದು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಹೇಳಿ ಮುಗಿಸುವ ಮೊದಲೇ ನೀನು ಉತ್ತರ ಕೊಡುತ್ತೀಯ, ನೀನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ನಾನು ನಿನ್ನನ್ನು ತಿದ್ದುತ್ತೇನೆ. ನಾವು ಮಾತು ಬಿಟ್ಟದ್ದೂ ಹಾಗೆಯೇ. ಕಾಗದದಲ್ಲಾದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿರಬೇಕು.

ವಿಷಯಕ್ಕೆ ಬರುತ್ತೇನೆ. ಕುಡುಮಲಕುಂಟೆಯಲ್ಲಿ ಔಷಧಿ ಸೀಸೆಗೆ ಮುಚ್ಚಳ ಮಾಡುವ ಫ್ಯಾಕ್ಟರಿಯಲ್ಲಿ ನೀನು ಹದಿನಾಲ್ಕು ಜನ ಕೆಲಸಗಾರರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೀಯಂತೆ. ಅದರಲ್ಲಿ ಚಲಪತಿ ಅಂತ ಒಬ್ಬನಿದ್ದಾನಲ್ಲ, ಅವನು ನನ್ನ ತಮ್ಮ. ಎಂ.ಎ. ಓದುವಾಗ ನೀನು ಮುರುಗಮಲ್ಲದ ಹತ್ತಿರದ ನಮ್ಮ ಊರಿಗೆ ಬಂದಿದ್ದೆ. ಆಗ ಅವನಿಗೆ ಏಳೋ ಎಂಟೋ. ಮರುವರ್ಷ ಅಮ್ಮ ಹೋದಳು. ಆಮೇಲೆ ಅವನಿಗೆ ಅಮ್ಮ, ಅಕ್ಕ, ಮೇಷ್ಟ್ರು ಎಲ್ಲ ನಾನೇ.

ಕಳೆದ ಭಾನುವಾರ ಮನೆಗೆ ಬಂದಿದ್ದ. ಊಟಕ್ಕೆ ಕೂರುವ ಹೊತ್ತಿಗೆ ಪುಣೆಯಿಂದ ಯಾರೋ ಎಂಜಿನಿಯರು ಫೋನ್ ಮಾಡಿದ. ಇವನು ಅಂಗಳದಲ್ಲಿ ನಿಂತು ಐದು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದ. ವ್ಯಾಕರಣ ಅರ್ಧಕ್ಕರ್ಧ ತಪ್ಪು. ಆದರೂ ಆ ಕಡೆಯವನಿಗೆ ಇವನದು ಅರ್ಥವಾಯಿತು, ಇವನಿಗೆ ಅವನದು ಅರ್ಥವಾಯಿತು. ಹನ್ನೊಂದು ವರ್ಷ ನಾನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟರೂ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ ಹುಡುಗ ಅವನು.

"ಯಾರೋ ಹೇಳ್ಕೊಟ್ಟಿದ್ದು?" ಅಂದೆ.

"ಶೈಲಜಾ ಮೇಡಂ ಕಣಕ್ಕಾ. ಅವ್ರ ಕ್ಲಾಸಲ್ಲಿ ಭಯಾನೇ ಆಗಲ್ಲ," ಅಂದ.

ಹಾಗಾದರೆ ನನ್ನ ಹತ್ತಿರ ಹನ್ನೊಂದು ವರ್ಷ ಭಯದಲ್ಲೇ ಕೂತಿದ್ದನೇ? ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ಹೊಟ್ಟೆ ಉರಿಯಿತು ಶೈಲಜಾ, ಮುಚ್ಚಿಡುವುದೇನು. ನಿನ್ನ ಮಂತ್ರ ಏನು ಅಂತ ಬರೆದು ಕಳಿಸು. ಕಾಲೇಜಿನಲ್ಲಿ ನಾನೂ ನೂರಾರು ಮಕ್ಕಳಿಗೆ ಪಾಠ ಮಾಡುವವಳು, ಉಪಯೋಗಕ್ಕೆ ಬರುತ್ತದೆ.

ವರಲಕ್ಷ್ಮಿ


ಗೌರಿಬಿದನೂರು
30 ಜೂನ್ 2024

ಪ್ರೀತಿಯ ವರಲಕ್ಷ್ಮಿ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಕಾಫಿ ಕುಡಿದು ಇನ್ನೊಮ್ಮೆ ಓದಿದಾಗ ನಗು ಬರಲಿಲ್ಲ. ತಾನು ನಿನ್ನ ತಮ್ಮ ಎಂದು ಚಲಪತಿ ಒಂದು ದಿನವೂ ಹೇಳಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತಾನೆ, ಎಲ್ಲರಿಗಿಂತ ಮೊದಲು ಬಾಯಿ ಬಿಡುತ್ತಾನೆ.

ಮಂತ್ರವೇನೂ ಇಲ್ಲ ಕಣೇ. ನಮ್ಮ ವೆಂಕಟರವಣಪ್ಪ ಮೇಷ್ಟ್ರು ಭಾಷೆಯನ್ನು ವಿವರಿಸುವ ದಾರಿಗಳ ಬಗ್ಗೆ ಪಾಠ ಮಾಡುತ್ತಿದ್ದರಲ್ಲ. ಪದಗಳನ್ನು ನಾಮಪದ, ಕ್ರಿಯಾಪದ ಎಂದು ವಿಂಗಡಿಸುವುದು ಒಂದು ದಾರಿ. ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಷ್ಟಕ್ಕೆ ಜೋಡಿಸಿ ಕಲಿಸುವುದು ಇನ್ನೊಂದು. ನಿನಗೆ ಅದೇ ಇಷ್ಟ, ಅದರಲ್ಲೇ ನೀನು ಮೊದಲ ರ‍್ಯಾಂಕ್ ಬಂದೆ. ಮಾತು ಏನು ಕೆಲಸ ಮಾಡುತ್ತದೆ ಎಂದು ನೋಡುವುದು ಮತ್ತೊಂದು: ಕೇಳಿಕೊಳ್ಳುವುದು, ಎಚ್ಚರಿಸುವುದು, ಆಗಲ್ಲ ಅನ್ನುವುದು, ತಪ್ಪೊಪ್ಪಿಕೊಳ್ಳುವುದು. ಮಾತುಕತೆ ಎಲ್ಲಿ ಶುರುವಾಗಿ ಯಾರ ಬಾಯಲ್ಲಿ ಮುಗಿಯುತ್ತದೆ ಎಂದು ಇಡಿಯಾಗಿ ನೋಡುವುದೂ ಒಂದು. "ಯಾವ್ದೂ ಸುಳ್ಳಲ್ಲ ಕಣ್ರಮ್ಮ, ಎದುರಿಗೆ ಕೂತೋರಿಗೆ ಯಾವ್ದು ಬೇಕು ಅಂತ ಮೊದ್ಲು ಕೇಳಿ," ಅನ್ನುತ್ತಿದ್ದರು. ನಾವು ಪರೀಕ್ಷೆಗೆ ಬರೆದು ಮರೆತೆವು.

ನಿಮ್ಮಮ್ಮ ಅಶ್ವತ್ಥಮ್ಮನವರು ನಿನಗೆ ತೆಲುಗಿನಲ್ಲಿ ಬಯ್ದು, ಅದೇ ಉಸಿರಿಗೆ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದದ್ದು ನೆನಪಿದೆಯೇ? ಯಾವ ಮಾತು ಯಾವ ಕೆಲಸಕ್ಕೆ ಎಂದು ಅವರಿಗೆ ಯಾವ ಮೇಷ್ಟ್ರೂ ಹೇಳಿಕೊಡಬೇಕಾಗಿರಲಿಲ್ಲ.

ನಾನು ಮೊದಲ ಎರಡು ವಾರ ಪಾಠವನ್ನೇ ಮಾಡಲಿಲ್ಲ. ಶಿಫ್ಟ್ ಬದಲಾಗುವ ಹೊತ್ತಿಗೆ ಫ್ಯಾಕ್ಟರಿಗೆ ಹೋಗಿ ಕಿವಿಗೆ ಹತ್ತಿ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತೆ. ಹೋಗುವವನೂ ಬರುವವನೂ ಮೆಷಿನ್ ಪಕ್ಕದಲ್ಲಿ ನಾಲ್ಕು ನಿಮಿಷ ನಿಲ್ಲುತ್ತಾರೆ. ಏನಾಯಿತು, ನಾನೇನು ಮಾಡಿದೆ, ನಿನಗೇನು ಉಳಿದಿದೆ. ಇಷ್ಟೇ ಹೇಳುವುದು. ಹೊರಗಿನ ಎಂಜಿನಿಯರುಗಳು ಕೇಳುವುದೂ ಇದನ್ನೇ, ಇಂಗ್ಲಿಷಿನಲ್ಲಿ. ನನ್ನ ಪಾಠವೆಲ್ಲ ಈ ಮೂರರ ಮೇಲೆ ನಿಂತಿದೆ.

ಈಗ ನನಗೊಂದು ಉಪಕಾರ ಮಾಡು. ಸೆಪ್ಟೆಂಬರ್ ಒಂದಕ್ಕೆ ಇವರಿಗೆ ಪರೀಕ್ಷೆ. ಪಾಸಾದವರನ್ನು ಲೈನ್ ಇನ್‌ಚಾರ್ಜ್ ಮಾಡುತ್ತಾರೆ. ಆಗದಿದ್ದರೆ ಆ ಜಾಗಗಳಿಗೆ ಹೊರಗಿನಿಂದ ಜನ ತರುತ್ತಾರೆ, ನನ್ನ ಕ್ಲಾಸೂ ನಿಲ್ಲುತ್ತದೆ. ಪ್ರಶ್ನೆಪತ್ರಿಕೆ ತೆಗೆದು ತಿದ್ದಲು ಹೊರಗಿನವರು ಬೇಕು ಎಂದು ಅಲ್ಲಿನ ಎಚ್.ಆರ್. ಮ್ಯಾನೇಜರ್ ರಘುನಂದನ್ ಕೇಳಿದರು. ನಿನ್ನ ಹೆಸರು ಹೇಳಿದ್ದೇನೆ. ಬರೆಯುವವರಿಗೆ ಪರೀಕ್ಷಕರ ಹೆಸರು ತಿಳಿಸುವುದಿಲ್ಲ. ತಮ್ಮನೂ ಬರೆಯುತ್ತಿದ್ದಾನೆ ಎಂದು ಮಾತ್ರ ರಘುನಂದನ್‌ಗೆ ಮೊದಲೇ ಹೇಳಿಬಿಡು. ಅವರು ಬೇಡ ಅಂದರೆ ಬೇರೆಯವರನ್ನು ನೋಡೋಣ.

ನಿನ್ನ
ಶೈಲಜಾ


ಚಿಂತಾಮಣಿ
21 ಜುಲೈ 2024

ಶೈಲಜಾ,

ರಘುನಂದನ್ ಅವರ ಪತ್ರ ಬಂತು, ಒಪ್ಪಿಕೊಂಡಿದ್ದೇನೆ. ನಿನ್ನ ಪಾಠಗಳನ್ನು ಕಳಿಸು, ನೋಡಿಕೊಂಡು ಪತ್ರಿಕೆ ತೆಗೆಯುತ್ತೇನೆ.

ನಿನ್ನ ಸ್ಟೂಲಿನ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿದೆ. ಎಲ್ಲರೂ ಆಹಾ ಅಂದರು. ನನ್ನ ಕೋಷ್ಟಕಕ್ಕೆ ಇಪ್ಪತ್ತೈದು ವರ್ಷದಲ್ಲಿ ಯಾರೂ ಆಹಾ ಅಂದಿಲ್ಲ. ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಮೊದಲ ಸಾಲಿನಿಂದ ಒಂದು ಪದ, ಎರಡನೆಯದರಿಂದ ಒಂದು, ಮೂರನೆಯದರಿಂದ ಒಂದು ಆರಿಸಿದರೆ ವಾಕ್ಯ ತಾನಾಗಿ ನಿಲ್ಲುತ್ತದೆ. ಎಂತಹ ದಡ್ಡನೂ ತಪ್ಪು ಮಾಡಲಾಗದ ಹಾಗೆ ಮಾಡಿಟ್ಟಿದ್ದೇನೆ. ಅದರ ಮುಂದೆ ಕೂತು ಒಬ್ಬರೂ ಭಯ ಹೋಯಿತು ಅಂದಿಲ್ಲ, ನಿಜ. ನಾನು ಇಂಗ್ಲಿಷ್ ಕಲಿಸುತ್ತಿದ್ದೆ, ಭಯ ಬಿಡಿಸುತ್ತಿರಲಿಲ್ಲ.

ಈ ತಿಂಗಳು ಚಲಪತಿ ಮನೆಗೆ ಬರಲಿಲ್ಲ. ಭಾನುವಾರ ಮಧ್ಯಾಹ್ನ ಶೈಲಜಾ ಮೇಡಂ ಹೆಚ್ಚಿನ ಕ್ಲಾಸ್ ಇಟ್ಟಿದ್ದಾರಂತೆ. ಅವನಿಗೆಂದು ಮಾಡಿದ್ದ ಅವರೆಕಾಳು ಸಾರನ್ನು ಎರಡು ದಿನ ನಾನೊಬ್ಬಳೇ ತಿಂದೆ.

ವರಲಕ್ಷ್ಮಿ


ಗೌರಿಬಿದನೂರು
11 ಆಗಸ್ಟ್ 2024

ವರೂ,

ಮೂವತ್ತೆರಡು ಪಾಠಗಳನ್ನೂ ಇದರ ಜೊತೆ ಕಳಿಸುತ್ತಿದ್ದೇನೆ. ಅಂಟಿಸಿದ ಲಕೋಟೆಯನ್ನು ಎರಡು ಸಲ ಬಿಚ್ಚಿ ನೋಡಿದೆ, ಪರೀಕ್ಷೆ ಬರೆಯುವುದು ನಾನೇ ಏನೋ ಅನ್ನುವ ಹಾಗೆ. ಕೆಂಪು ಪೆನ್ನು ಬಳಸುವುದಾದರೆ ಬಳಸು.

ಚಲಪತಿಯನ್ನು ಈ ಭಾನುವಾರ ಬೇಗ ಬಿಟ್ಟೆ. "ಅಕ್ಕನ ಮನೆಗೆ ಹೋಗಪ್ಪ," ಅಂದೆ. "ಪಾಸಾಗಿ ಹೋಗ್ತೀನಿ ಮೇಡಂ. ಒಂದ್ಸಲನಾದ್ರೂ ಅಕ್ಕನ ಎದುರಿಗೆ ಪಾಸಾಗಿ ನಿಂತ್ಕೋಬೇಕು," ಅಂದ. ಇದನ್ನು ನಿನಗೆ ಹೇಳಬಾರದೇನೋ. ಹೇಳದಿರಲು ಆಗಲಿಲ್ಲ.

ಶೈಲಜಾ


ಚಿಂತಾಮಣಿ
9 ಸೆಪ್ಟೆಂಬರ್ 2024

ಶೈಲಜಾ,

ಉತ್ತರಪತ್ರಿಕೆಗಳನ್ನು ತಿದ್ದಿ ರಘುನಂದನ್ ಅವರಿಗೆ ಕಳಿಸಿದ್ದೇನೆ. ಹದಿನಾಲ್ಕರಲ್ಲಿ ಇಬ್ಬರು ಪಾಸು. ಅಡಿಪಾಯ ಗಟ್ಟಿಯಿಲ್ಲದಿದ್ದರೆ ಹೀಗೇ ಆಗುವುದು ಎಂದು ನಾನು ಮೊದಲೇ ಹೇಳುತ್ತಿದ್ದೆ. ಬೇಸರ ಮಾಡಿಕೊಳ್ಳಬೇಡ.

ವರಲಕ್ಷ್ಮಿ


ಗೌರಿಬಿದನೂರು
20 ಸೆಪ್ಟೆಂಬರ್ 2024

ವರಲಕ್ಷ್ಮಿ,

ಪ್ರಶ್ನೆಪತ್ರಿಕೆ ನೋಡಿದೆ. ಕ್ಲಾಸ್ ನಿಲ್ಲಿಸಿದ್ದಾರೆ. ಹೊರಗಿನಿಂದ ಜನ ತರುವ ಮಾತು ನಡೆದಿದೆ. ಇವರಿಗೆ ಪರೀಕ್ಷೆ ಬರೆಯುವುದನ್ನು ನಾನು ಕಲಿಸಬೇಕಿತ್ತು, ಕಲಿಸಲಿಲ್ಲ.

ಚಲಪತಿ ಈಗ ಎಂಜಿನಿಯರ ಫೋನ್ ಬಂದರೆ ಪಕ್ಕದವನ ಕೈಗೆ ಕೊಡುತ್ತಾನಂತೆ.

ಶೈಲಜಾ


ಚಿಂತಾಮಣಿ
6 ಅಕ್ಟೋಬರ್ 2024

ಶೈಲಜಾ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಅದರಲ್ಲಿ ನನ್ನನ್ನು ಒಂದು ಮಾತೂ ಬಯ್ದಿಲ್ಲ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು.

ನಿನ್ನೆ ಬೆಳಿಗ್ಗೆ ಯಾರಿಗೂ ಹೇಳದೆ ಬಸ್ಸು ಹತ್ತಿದೆ. ಶಿಡ್ಲಘಟ್ಟ ದಾಟಿ, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ, ಕುಡುಮಲಕುಂಟೆಗೆ ಬರುವ ಹೊತ್ತಿಗೆ ಒಂದೂವರೆ. ಚಲಪತಿಗೆ ಬೆಳಗಿನ ಶಿಫ್ಟ್. ಒಳಗೆ ಬಿಡುವುದಿಲ್ಲ ಅಂದರು. ಗೇಟಿನ ಎದುರು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಎರಡು ಗಂಟೆಗೆ ಹೊರಗೆ ಬಂದ. ನನ್ನನ್ನು ನೋಡಿ ಓಡಿಬಂದು, "ಏನಕ್ಕಾ, ಯಾರ್ಗೆ ಏನಾಯ್ತು?" ಅಂದ. ಏನೂ ಇಲ್ಲ ಅಂದೆ. ಟೀ ಕುಡಿದೆವು. ಅವನ ಫೋನ್ ಎರಡು ಸಲ ಬಡಿದುಕೊಂಡಿತು, ತೆಗೆಯಲಿಲ್ಲ.

"ಎತ್ತೋ," ಅಂದೆ.

"ಬಿಡಕ್ಕಾ. ನಂಗೆ ಇಂಗ್ಲಿಷ್ ಬರಲ್ಲ ಅಂತ ಗೊತ್ತಾಯ್ತಲ್ಲ," ಅಂದ.

ಅವನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ನಿನಗೆ ಹೇಳುತ್ತೇನೆ, ನಿನ್ನ ಪಾಠದ ಆ ಮೂರು ಮಾತಿನ ಹಾಗೆಯೇ.

ಏನಾಯಿತೆಂದರೆ, ನಿನ್ನ ಮೂವತ್ತೆರಡು ಪಾಠಗಳನ್ನೂ ನಾನು ಒಂದಕ್ಷರ ಬಿಡದೆ ಓದಿದೆ. ಚೆನ್ನಾಗಿದ್ದವು. ಒಂದೊಂದು ಹಾಳೆ ತಿರುಗಿಸುವಾಗಲೂ ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ಎದೆ ಉರಿಯಿತು.

ನಾನು ಮಾಡಿದ್ದು: ಆ ಪಾಠಗಳಲ್ಲಿ ಇರುವ ಒಂದನ್ನೂ ಕೇಳದೆ, ಇಲ್ಲದ್ದನ್ನೆಲ್ಲ ಹುಡುಕಿ ಪ್ರಶ್ನೆ ಮಾಡಿದೆ. ಕಾಲೇಜಿನ ಮಕ್ಕಳಿಗೆ ಕೊಡುವ ವಾಕ್ಯಗಳು, ಕೂಡಿಸಿ, ಬಿಡಿಸಿ, ತಿರುಗಿಸಿ ಬರೆಯಿರಿ ಅಂತ. ಮೆಷಿನ್ ಅನ್ನುವ ಪದ ಕೂಡ ಇಡೀ ಪತ್ರಿಕೆಯಲ್ಲಿ ಬರದ ಹಾಗೆ ನೋಡಿಕೊಂಡೆ. ಅದಕ್ಕೆ ಗುಣಮಟ್ಟ ಅಂತ ಹೆಸರಿಟ್ಟೆ. ತಮ್ಮನಿದ್ದಾನೆ ಎಂದು ರಘುನಂದನ್‌ಗೆ ಹೇಳಲಿಲ್ಲ. ಹೇಳಿದ್ದರೆ ಪತ್ರಿಕೆ ನನ್ನ ಕೈ ತಪ್ಪುತ್ತಿತ್ತು.

ಒಂಬತ್ತನೇ ನಂಬರಿನ ಉತ್ತರಪತ್ರಿಕೆ ಅವನದು ಎಂದು ಅಕ್ಷರ ನೋಡಿದ ಕೂಡಲೇ ತಿಳಿಯಿತು. ಎಲ್ಲಕ್ಕೂ ಏನೇನೋ ಬರೆದಿದ್ದಾನೆ, ಏಳನೇ ಪ್ರಶ್ನೆ ಮಾತ್ರ ಖಾಲಿ. ಅದು ನಮ್ಮ ಮನೆಯ ಕೋಷ್ಟಕದ ಮೊದಲ ವಾಕ್ಯವನ್ನು ಇಂಗ್ಲಿಷಿನಲ್ಲಿ ತಿರುಗಿಸಿ ಬರೆಯುವ ಪ್ರಶ್ನೆ: ಅಶ್ವತ್ಥಮ್ಮ ತೋಟದಲ್ಲಿ ಚೆಂಡುಹೂವು ಕೀಳುತ್ತಿದ್ದಾಳೆ. ಮನೆಯವರ ಹೆಸರು ಹಾಕಿಯೇ ನಾನು ಉದಾಹರಣೆ ಮಾಡುವುದು, ಇವತ್ತಿಗೂ ಅದೇ ಅಭ್ಯಾಸ. ಅಮ್ಮ ಹೋದ ಮೇಲೂ ಆ ಹೆಸರು ಹೊಡೆದುಹಾಕಲು ಕೈ ಬರಲಿಲ್ಲ. ಹನ್ನೊಂದು ವರ್ಷ ಅವನಿಗೆ ಅದನ್ನು ಬಾಯಿಪಾಠ ಮಾಡಿಸಿದ್ದೇನೆ. ಅದೂ ಖಾಲಿ ಇದ್ದದ್ದು ನೋಡಿ, ಶೈಲಜಾಳ ಕ್ಲಾಸಿಗೆ ಹೋಗಿ ಹೆತ್ತಮ್ಮನ ಹೆಸರನ್ನೂ ಮರೆತ ಎಂದುಕೊಂಡೆ. ಸೊನ್ನೆ ಹಾಕಿದೆ. ಹಾಕುವಾಗ ಹಾಯೆನಿಸಿತು. ಅದನ್ನೂ ಬರೆದುಬಿಡುತ್ತೇನೆ.

ಈಗ ನಿನಗೇನು ಉಳಿದಿದೆ ಎಂದು ನನಗೆ ಗೊತ್ತಿಲ್ಲ. ಹೇಳು.

ವರಲಕ್ಷ್ಮಿ


ಗೌರಿಬಿದನೂರು
14 ಅಕ್ಟೋಬರ್ 2024

ವರೂ,

ಪತ್ರಿಕೆ ನೋಡಿದ ದಿನವೇ ನನಗೆ ತಿಳಿದಿತ್ತು. ಮೂರು ರಾತ್ರಿ ನಿನಗೆ ಶಾಪ ಹಾಕಿದೆ. ನಾಲ್ಕನೆಯ ದಿನ ಪಾತ್ರೆ ತೊಳೆಯುವಾಗ ನನಗೂ ಒಂದು ವಿಷಯ ಒಪ್ಪಿಕೊಳ್ಳಬೇಕಾಯಿತು.

ಪರೀಕ್ಷಕರಾಗಿ ಬರುವವರು ಚಿಕ್ಕಬಳ್ಳಾಪುರದಲ್ಲೇ ನಾಲ್ಕು ಜನ ಇದ್ದರು. ನಿನ್ನ ಹೆಸರನ್ನು ನಾನೇ ಹುಡುಕಿ ಕೊಟ್ಟೆ. ನಿನ್ನ ಮೊದಲ ರ‍್ಯಾಂಕಿನ ಹಿಂದೆ ಎರಡನೇ ರ‍್ಯಾಂಕ್ ಬಂದವಳು ನಾನು. ಇಪ್ಪತ್ತೈದು ವರ್ಷ ಅದು ಒಳಗೇ ಕೂತಿತ್ತು. ನನ್ನ ಹುಡುಗರು ಹದಿನಾಲ್ಕಕ್ಕೆ ಹದಿನಾಲ್ಕೂ ಪಾಸಾಗಬೇಕು, ಅವರಿಗೆ ನೀನೇ ನಿನ್ನ ಕೈಯಾರೆ ಅಂಕ ಹಾಕಬೇಕು, ಅದನ್ನು ನಾನು ನೋಡಬೇಕು ಎಂದಿತ್ತು. ಅವರು ಚಲಪತಿಯ ಹಾಗೆ ನನ್ನನ್ನು ನಂಬಿ ಕೂತವರು. ನಮ್ಮಿಬ್ಬರ ಹೊಟ್ಟೆಕಿಚ್ಚಿನ ನಡುವೆ ಅವರನ್ನು ತಂದು ನಿಲ್ಲಿಸಿದವಳು ನಾನು.

ನನಗೇನು ಉಳಿದಿದೆ ಎಂದು ಕೇಳಿದೆಯಲ್ಲ. ಫ್ಯಾಕ್ಟರಿಗೆ ಬರೆಯಬೇಕಾದವಳು ನೀನು. ನಾನು ಬರೆದರೆ ಫೇಲಾದವರ ಮೇಷ್ಟ್ರು ಅಳುತ್ತಿದ್ದಾರೆ ಎನ್ನುತ್ತಾರೆ. ಚಲಪತಿಗೂ ನೀನೇ ಹೇಳು, ನಾನು ಬಾಯಿ ಬಿಡುವುದಿಲ್ಲ.

ಶೈಲಜಾ


ಚಿಂತಾಮಣಿ
18 ಅಕ್ಟೋಬರ್ 2024

ಶ್ರೀ ರಘುನಂದನ್ ಅವರಿಗೆ,

ಮಾನ್ಯರೇ, ಸೆಪ್ಟೆಂಬರ್ ಒಂದರಂದು ತಮ್ಮಲ್ಲಿ ನಡೆದ ಇಂಗ್ಲಿಷ್ ಪರೀಕ್ಷೆಯ ಪತ್ರಿಕೆ ತೆಗೆದವಳು ನಾನು. ಆ ಪತ್ರಿಕೆ ಸರಿಯಿರಲಿಲ್ಲ. ಅಭ್ಯರ್ಥಿಗಳಿಗೆ ಏನು ಕಲಿಸಲಾಗಿದೆ ಎಂದು ತಿಳಿದಿದ್ದೂ ಬೇರೆಯದನ್ನೇ ಕೇಳಿದ್ದೇನೆ. ಅವರ ಕೆಲಸಕ್ಕೆ ಯಾವ ಇಂಗ್ಲಿಷ್ ಬೇಕೋ ಅದನ್ನು ಅಳೆಯುವ ಒಂದು ಪ್ರಶ್ನೆಯೂ ಅದರಲ್ಲಿಲ್ಲ. ಅಲ್ಲದೆ ಅಭ್ಯರ್ಥಿಗಳಲ್ಲಿ ಒಬ್ಬರಾದ ಚಲಪತಿ ನನ್ನ ತಮ್ಮ. ಈ ಸಂಗತಿಯನ್ನು ತಮ್ಮಿಂದ ಮುಚ್ಚಿಟ್ಟಿದ್ದೆ.

ದಯವಿಟ್ಟು ಆ ಫಲಿತಾಂಶವನ್ನು ರದ್ದು ಮಾಡಿ. ಹದಿನಾಲ್ಕು ಜನರನ್ನೂ ಅವರವರ ಮೆಷಿನ್ ಮುಂದೆ ನಿಲ್ಲಿಸಿ, ತಮ್ಮ ಎಂಜಿನಿಯರರೇ ಇಂಗ್ಲಿಷಿನಲ್ಲಿ ಮಾತಾಡಿಸಿ ನೋಡಲಿ. ಈ ಪತ್ರವನ್ನು ತಾವು ನನ್ನ ಪ್ರಿನ್ಸಿಪಾಲರಿಗೆ ಕಳಿಸುವುದಾದರೆ ನನ್ನ ಆಕ್ಷೇಪಣೆ ಇಲ್ಲ.

ಇತಿ,
ವರಲಕ್ಷ್ಮಿ


ಚಿಂತಾಮಣಿ
20 ಅಕ್ಟೋಬರ್ 2024

ಚಲಪತಿ,

ನಿಮ್ಮ ಪರೀಕ್ಷೆಯ ಪತ್ರಿಕೆ ತೆಗೆದವಳು ನಾನು ಕಣಪ್ಪ. ಪಾಸಾಗಬಾರದೆಂದೇ ತೆಗೆದೆ. ನಿನ್ನ ಮೇಲಿನ ಸಿಟ್ಟಿಗಲ್ಲ, ಶೈಲಜಾಳ ಮೇಲಿನ ಹೊಟ್ಟೆಕಿಚ್ಚಿಗೆ. ನಿನಗೆ ಇಂಗ್ಲಿಷ್ ಬರುತ್ತದೆ. ಅಂಗಳದಲ್ಲಿ ನಿಂತು ನೀನು ಮಾತಾಡಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಫ್ಯಾಕ್ಟರಿಯವರಿಗೂ ಬರೆದಿದ್ದೇನೆ. ಫೋನ್ ಬಂದರೆ ನೀನೇ ಎತ್ತು.

ಮನೆಗೆ ಬಾ ಎಂದು ಹೇಳುವ ಮುಖ ನನಗಿಲ್ಲ.

ಅಕ್ಕ


ಗೌರಿಬಿದನೂರು
1 ಡಿಸೆಂಬರ್ 2024

ಅಕ್ಕನಿಗೆ,

ಫೋನ್ ಮಾಡಿದರೆ ನೀನು ಅಳ್ತೀಯ, ಆಮೇಲೆ ನಾನು ಹೇಳಬೇಕಾದ್ದು ಹೇಳಕ್ಕಾಗಲ್ಲ. ಅದಕ್ಕೆ ಬರೀತಿದ್ದೀನಿ.

ಮೊನ್ನೆ ಗುರುವಾರ ಮತ್ತೆ ಪರೀಕ್ಷೆ ಆಯ್ತು, ಮೆಷಿನ್ ಮುಂದೆ. ಪುಣೆಯ ಎಂಜಿನಿಯರೇ ಬಂದಿದ್ದರು. ಹನ್ನೊಂದು ಜನ ಪಾಸು. ನಾನೂ ಪಾಸು. ಜನವರಿಯಿಂದ ಮೂರನೇ ಲೈನಿಗೆ ನಾನು ಇನ್‌ಚಾರ್ಜ್. ಶೈಲಜಾ ಮೇಡಂ ಕ್ಲಾಸೂ ಮತ್ತೆ ಶುರುವಾಗಿದೆ.

ನಿನ್ನ ಕಾಗದ ಬಂದಾಗ ನಂಗೆ ಆಶ್ಚರ್ಯ ಆಗಲಿಲ್ಲ. ಪರೀಕ್ಷೆ ದಿನ ಏಳನೇ ಪ್ರಶ್ನೆ ಓದ್ದಾಗಲೇ ಪತ್ರಿಕೆ ಯಾರದು ಅಂತ ಗೊತ್ತಾಯ್ತು. ಈ ಪ್ರಪಂಚದಲ್ಲಿ ಇಂಗ್ಲಿಷ್ ಪೇಪರಲ್ಲಿ ನಮ್ಮಮ್ಮನ ಕೈಲಿ ಚೆಂಡುಹೂವು ಕೀಳಿಸೋರು ಇನ್ಯಾರಿದ್ದಾರೆ ಹೇಳು. ಜೊತೆಯವರು ಹೊರಗೆ ಬಂದು ಪತ್ರಿಕೆ ತೆಗೆದವರಿಗೆ ಬಾಯಿಗೆ ಬಂದ ಹಾಗೆ ಬಯ್ದರು. ಅದು ನಮ್ಮಕ್ಕ ಅಂತ ನಾನು ಯಾರಿಗೂ ಹೇಳಲಿಲ್ಲ. ನೀನು ಟೀ ಅಂಗಡಿಗೆ ಬಂದ ದಿನ, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾದೆ. ನೀನು ಟೀ ಮುಗಿಸಿ ಬಸ್ಸು ಹತ್ತಿಬಿಟ್ಟೆ. ಅವತ್ತು ಬಂದಷ್ಟು ಸಿಟ್ಟು ಪರೀಕ್ಷೆ ದಿನವೂ ಬಂದಿರಲಿಲ್ಲ. ಇನ್ನೂ ಸ್ವಲ್ಪ ಇದೆ.

ಆ ಪ್ರಶ್ನೆ ಖಾಲಿ ಬಿಟ್ಟಿದ್ದು ಮರೆತು ಅಲ್ಲ. ಅಮ್ಮನ್ನ ಮಣ್ಣು ಮಾಡಿ ಬಂದ ಹದಿನಾರನೇ ದಿನಕ್ಕೆ ನೀನು ನನ್ನ ಕೋಷ್ಟಕದ ಮುಂದೆ ಕೂರಿಸಿದೆ. ಹೇಳೋ ಅಂದೆ. ಅಶ್ವತ್ಥಮ್ಮ ತೋಟದಲ್ಲಿ ಚೆಂಡುಹೂವು ಕೀಳ್ತಿದ್ದಾಳೆ. ಕಿಟಕೀಲಿ ನೋಡಿದರೆ ತೋಟದಲ್ಲಿ ಯಾರೂ ಇಲ್ಲ. ದಿನಾ ನೀನು ಹೇಳಿಸಿದೆ, ದಿನಾ ನಾನು ಕಿಟಕಿ ನೋಡಿದೆ. ನಿಂಗೆ ಆ ಹೆಸರು ಕೇಳಬೇಕಿತ್ತು ಅಂತ ನಂಗೆ ಆಗ ಗೊತ್ತಾಗಲಿಲ್ಲ. ಇಂಗ್ಲಿಷ್ ಅಂದರೆ ಆ ಕಿಟಕಿ ಅಂತ ಕೂತುಬಿಡ್ತು ಒಳಗೆ. ಭಯ ಅಂದೆನಲ್ಲ, ಇದೇ. ನಿನ್ನ ಭಯ ಅಲ್ಲಕ್ಕಾ. ಶೈಲಜಾ ಮೇಡಂ ಕ್ಲಾಸಲ್ಲಿ ಬರೀ ಮುಚ್ಚಳ, ಸೀಲು, ಮೆಷಿನ್ನು. ಅಲ್ಲಿ ಯಾರೂ ಸತ್ತಿರಲಿಲ್ಲ.

ಮುಂದಿನ ಭಾನುವಾರ ಹತ್ತೂವರೆ ಬಸ್ಸಿಗೆ ಬರ್ತೀನಿ. ಅವರೆಕಾಯಿ ಕಾಲ ಶುರುವಾಗಿದೆ, ಸಾರು ಮಾಡಿಡು. ಏಳನೇ ಪ್ರಶ್ನೆ ಬಾಕಿ ಇತ್ತಲ್ಲ, ಉತ್ತರ ಕೆಳಗೆ ಬರೆದಿದ್ದೀನಿ. ನೀನು ಕೇಳಿದ ಹಾಗಿಲ್ಲ, ನಾವು ಶಿಫ್ಟ್ ಬಿಟ್ಟುಕೊಡುವಾಗ ಹೇಳೋ ಹಾಗಿದೆ. ತಪ್ಪಿದ್ದರೂ ತಿದ್ದಬೇಡ.

ನಿನ್ನ ತಮ್ಮ
ಚಲಪತಿ

ಅಶ್ವತ್ಥಮ್ಮ ಶಿಫ್ಟ್ ಓವರ್. ಫ್ಲವರ್ಸ್ ಆಲ್ ಪ್ಲಕ್ಡ್. ನೆಕ್ಸ್ಟ್ ಶಿಫ್ಟ್, ಅಕ್ಕ ಅಂಡ್ ಮಿ.